ಉಪ್ಪಿನ ಕಿಟಕಿ

ಲೆಕ್ಕ ತಪಾಸಣೆಗೆ ಬಂದವರು ನನ್ನನ್ನು ಕರೆಸಿಕೊಂಡು ಕೇಳಿದ ಮೊದಲ ಪ್ರಶ್ನೆ ಇದು: “ಸೋಡಿಯಂ ಕ್ಲೋರೈಡ್ ಅಂದ್ರೆ ಉಪ್ಪೇ ತಾನೆ ಮೇಷ್ಟ್ರೇ?”

ಹೌದು ಎಂದೆ. ರಸಾಯನಶಾಸ್ತ್ರದ ಮೇಷ್ಟರಾಗಿ ಅಲ್ಲ ಎನ್ನುವುದು ಹೇಗೆ?

“ಅಡಿಗೆಗೆ ಹಾಕೋ ಉಪ್ಪು?”

“ಅದೇ ಉಪ್ಪು.”

ಅವರು ಬಿಲ್ಲನ್ನು ನನ್ನ ಕಡೆಗೆ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟರು. ಹಳೆಯ ರೂಪಾಯಿ ನಾಣ್ಯದಷ್ಟು ಅಗಲದ ಎರಡು ಬಿಲ್ಲೆ. ಬೆಲೆ ನನ್ನ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ. ಉಪ್ಪಿಗೆ ಇಷ್ಟು ದುಡ್ಡೇ, ಅದೂ ವಿದೇಶಕ್ಕೆ, ಎಂಬುದು ಅವರ ಮುಖದ ಮೇಲೇ ಬರೆದಿತ್ತು. ನಾನು ತರಗತಿಯಲ್ಲಿ ಹೇಳುವ ಹಾಗೆ ಹೇಳಿದೆ: ಗಾಜು ನಮ್ಮ ಕಣ್ಣಿಗೆ ಪಾರದರ್ಶಕ, ಆದರೆ ನಮಗೆ ಬೇಕಾದ ಅವಕೆಂಪು ಕಿರಣಗಳಿಗೆ ಅದು ಗೋಡೆಯಿದ್ದ ಹಾಗೆ. ಉಪ್ಪಿನ ಹರಳು ಆ ಕಿರಣಗಳನ್ನು ಸಲೀಸಾಗಿ ಒಳಗೆ ಬಿಡುತ್ತದೆ. ಅದಕ್ಕೇ ಐಆರ್ ಉಪಕರಣದ ಕಿಟಕಿಗಳನ್ನು ಉಪ್ಪಿನಿಂದ ಮಾಡುತ್ತಾರೆ. ಉಪ್ಪನ್ನು ಕರಗಿಸಿ, ಒಂದೇ ದೊಡ್ಡ ಹರಳಾಗಿ ನಿಧಾನವಾಗಿ ಬೆಳೆಸಿ, ಸೀಳಿ, ಉಜ್ಜಿ ನುಣುಪು ಮಾಡಬೇಕು. ಬೆಲೆ ಉಪ್ಪಿನದಲ್ಲ, ಆ ಕೆಲಸದ್ದು. ಅವರು ತಲೆಯಾಡಿಸುತ್ತಾ ಕೇಳಿಸಿಕೊಂಡರು. ಬರೆದುಕೊಂಡದ್ದು ಮಾತ್ರ “ಉತ್ತರ ತೃಪ್ತಿಕರವಾಗಿಲ್ಲ” ಎಂದು. ಆ ಆಕ್ಷೇಪಣೆ ನಾಲ್ಕು ವರ್ಷ ಕಡತದಿಂದ ಕಡತಕ್ಕೆ ಓಡಾಡಿತು. ಅಷ್ಟರಲ್ಲಿ ಬಿಲ್ಲೆಗಳೇ ಮಂಜು ಹಿಡಿದು ಸವೆದುಹೋಗಿದ್ದವು.

ಊರಿನ, ವಿಶ್ವವಿದ್ಯಾಲಯದ ಹೆಸರು ಹೇಳುವುದಿಲ್ಲ. ಬೆಂಗಳೂರಿಗೆ ಒಂದು ರಾತ್ರಿಯ ಬಸ್ ಪ್ರಯಾಣ, ಜೂನ್‌ನಿಂದ ನಾಲ್ಕು ತಿಂಗಳು ಗೋಡೆಗಳೂ ಬೆವರುವ ಊರು ಎಂದರೆ ಸಾಕು.

1971ರಲ್ಲಿ ನಾನು ಅಲ್ಲಿ ಎಂ.ಎಸ್ಸಿ.ಗೆ ಸೇರಿದಾಗ ವಿಭಾಗದ ಕೊನೆಯ ಕೋಣೆಗೆ ಸದಾ ಬೀಗ ಇರುತ್ತಿತ್ತು. ಒಳಗೆ ಇದ್ದದ್ದು ಬೆಕ್‌ಮನ್ ಡಿಯು ಸ್ಪೆಕ್ಟ್ರೋಫೋಟೋಮೀಟರ್. ಅಮೆರಿಕದಲ್ಲಿ 1941ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ, ನಮಗೆ ಮುಟ್ಟಿದ್ದು ಐವತ್ತರ ದಶಕದಲ್ಲಿ. ನಮ್ಮ ಗುರುಗಳು ಅದನ್ನು ‘ಗೋಧಿ ಯಂತ್ರ’ ಎನ್ನುತ್ತಿದ್ದರು. ನಾವು ತಮಾಷೆ ಅಂದುಕೊಂಡಿದ್ದೆವು. 1951ರಲ್ಲಿ ಬರಗಾಲದ ಅಂಚಿನಲ್ಲಿದ್ದ ಭಾರತಕ್ಕೆ ಅಮೆರಿಕ ಗೋಧಿ ಕೊಳ್ಳಲು 19 ಕೋಟಿ ಡಾಲರ್ ಸಾಲ ಕೊಟ್ಟಿತು. ನಾವು ಕಟ್ಟುವ ಬಡ್ಡಿಯಲ್ಲಿ 50 ಲಕ್ಷ ಡಾಲರಿನವರೆಗೆ ನಮ್ಮ ವಿದ್ಯಾಸಂಸ್ಥೆಗಳ ಪುಸ್ತಕಗಳಿಗೆ, ವಿಜ್ಞಾನದ ಉಪಕರಣಗಳಿಗೆ, ಎರಡೂ ಕಡೆಯ ವಿದ್ವಾಂಸರ ಓಡಾಟಕ್ಕೆ ಎತ್ತಿಟ್ಟರು. ದೇಶ ತಿಂದ ಗೋಧಿಯ ಬಡ್ಡಿ ನಮ್ಮ ಕೋಣೆಗೆ ಯಂತ್ರವಾಗಿ ಬಂದಿತ್ತು. “ಸಾಲದ ಸಾಮಾನು ಕಣಯ್ಯಾ, ಜೋಪಾನ” ಎಂದು ಗುರುಗಳು ಹೇಳುತ್ತಿದ್ದುದರಲ್ಲಿ ಉತ್ಪ್ರೇಕ್ಷೆ ಏನೂ ಇರಲಿಲ್ಲ.

ಆ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ವರ್ಷಕ್ಕೊಂದು ದಿನ ನಮ್ಮ ತಂಡವನ್ನು ಒಳಗೆ ಬಿಡುತ್ತಿದ್ದರು. ಗುರುಗಳು ಸ್ಟೂಲಿನ ಮೇಲೆ ಕೂತು, ಪಕ್ಕದಲ್ಲಿದ್ದ ಆರು ವೋಲ್ಟಿನ ಬ್ಯಾಟರಿಯ ತಂತಿ ಸಿಕ್ಕಿಸಿ, ಒಂದು ಗುಂಡಿ ತಿರುಗಿಸಿ ತರಂಗಾಂತರ ಇಟ್ಟು, ಇನ್ನೊಂದು ತಿರುಗಿಸಿ ಸೀಳುಗಿಂಡಿ ಸರಿಮಾಡಿ, ಮುಳ್ಳು ಸೊನ್ನೆಗೆ ಬಂದು ನಿಂತ ಮೇಲೆ ಒಂದು ಅಂಕಿ ಓದುತ್ತಿದ್ದರು. ಆಮೇಲೆ ಮುಂದಿನ ತರಂಗಾಂತರ. ಒಂದು ವಸ್ತುವಿನ ರೋಹಿತ ಪೂರ್ತಿಯಾಗಲು ಒಂದು ಮಧ್ಯಾಹ್ನ ಬೇಕು. ಗ್ರಾಫ್ ಹಾಳೆಯ ಮೇಲೆ ಚುಕ್ಕಿಯಿಟ್ಟು ಗೆರೆ ಎಳೆಯುವುದು ನಮ್ಮ ಪಾಲಿನ ಪುಣ್ಯ. ಎರಡು ವರ್ಷದಲ್ಲಿ ನಾನು ಆ ಯಂತ್ರದ ಒಂದು ಗುಂಡಿಯನ್ನೂ ಮುಟ್ಟಲಿಲ್ಲ. ಆಗ ಅದು ಅನ್ಯಾಯ ಅನ್ನಿಸಲೂ ಇಲ್ಲ. ಗರ್ಭಗುಡಿಯೊಳಗೆ ಹೋಗಬೇಕೆಂದು ಯಾರು ಹಟ ಮಾಡುತ್ತಾರೆ?

ಕೈಗೆ ಸಿಕ್ಕದ್ದು ಎರಡು ತಟ್ಟೆಯ ತಕ್ಕಡಿ. ತೂಕದ ಪೆಟ್ಟಿಗೆಯಿಂದ ಇಕ್ಕಳದಲ್ಲಿ ಎತ್ತಿಡುವ ಮಿಲಿಗ್ರಾಂ ತಗಡುಗಳು, ಉಸಿರು ಬಿಟ್ಟರೂ ಅಲುಗುವ ಮುಳ್ಳು. ಕೈಗೆ ಸಿಕ್ಕದ್ದು ಕಿಪ್ ಉಪಕರಣ. ಅದರ ಕೊಳೆತ ಮೊಟ್ಟೆಯ ವಾಸನೆ ಹೊತ್ತು ಸಂಜೆ ಹಾಸ್ಟೆಲ್ ಊಟದ ಮನೆಗೆ ಹೋದರೆ ಕನ್ನಡ ಎಂ.ಎ.ಯವರು ಎದ್ದು ಬೇರೆ ಬೆಂಚಿಗೆ ಹೋಗುತ್ತಿದ್ದರು. ನನಗೆ ಗೊತ್ತಿರುವ ರಸಾಯನಶಾಸ್ತ್ರದ ಬಹುಪಾಲು ಈ ಎರಡರಿಂದಲೇ ಬಂದದ್ದು. ಆದರೆ ಇದನ್ನು ಒಪ್ಪಿಕೊಳ್ಳಲು ನನಗೆ ಮೂವತ್ತು ವರ್ಷ ಹಿಡಿಯಿತು.

ಐಆರ್ ಯಂತ್ರ ತರಿಸಬೇಕೆಂದು ಅರ್ಜಿ ಹಾಕಿದ್ದು 1982ರಲ್ಲಿ. ಯುಜಿಸಿ ಯೋಜನೆಯ ಅನುದಾನ ಬಂದಿತ್ತು, ನಾನು ಆಗಷ್ಟೇ ರೀಡರ್ ಆಗಿದ್ದೆ, ಉಮೇದು ಜೋರಾಗಿತ್ತು. ಆಗಿನ ಕುಲಪತಿಗಳು ಫೈಲು ನೋಡಿ ನಕ್ಕರು. “ರಾಮನ್ ಇನ್ನೂರು ರೂಪಾಯಿ ಸಾಮಾನಿನಲ್ಲಿ ನೊಬೆಲ್ ತಂದರಲ್ಲ?” ವಿಜ್ಞಾನದವರು ದುಡ್ಡು ಕೇಳಿದಾಗಲೆಲ್ಲ ಈ ಮಾತು ಬರುತ್ತಿತ್ತು, ಈಗಲೂ ಬರುತ್ತದೆ. ಕಲ್ಕತ್ತದ ಆ ಪ್ರಯೋಗಾಲಯದಲ್ಲಿ ಏಳು ಅಂಗುಲದ ದೂರದರ್ಶಕ ಮಸೂರವೂ ಇಂಗ್ಲೆಂಡಿನ ಹಿಲ್ಗರ್ ಕಂಪನಿಯ ಪುಟ್ಟ ಕ್ವಾರ್ಟ್ಸ್ ಸ್ಪೆಕ್ಟ್ರೋಗ್ರಾಫೂ ಮೊದಲೇ ಇದ್ದವು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂದು ನಾನೂ ಹೇಳಲಿಲ್ಲ. ಸಹಿ ಬೇಕಿತ್ತು, ನಕ್ಕು ಸುಮ್ಮನಾದೆ.

ಆಮೇಲಿನದು ಕಾಗದದ ಕಥೆ. ಮೂರು ಕೊಟೇಶನ್, ಅದಕ್ಕೊಂದು ಹೋಲಿಕೆ ಪಟ್ಟಿ, ಪರ್ಚೇಸ್ ಕಮಿಟಿ, ಕಮಿಟಿಗೆ ಕೋರಂ ಇಲ್ಲ, ಮತ್ತೆ ಕಮಿಟಿ. ಆಮದು ಪರವಾನಗಿ ಬೇಕು, ಅದಕ್ಕೆ ಈ ಯಂತ್ರ ಭಾರತದಲ್ಲಿ ತಯಾರಾಗುವುದಿಲ್ಲ ಎಂಬ ಪ್ರಮಾಣಪತ್ರ ಬೇಕು. ಇಲ್ಲದ್ದನ್ನು ಇಲ್ಲವೆಂದು ಸಾಬೀತು ಮಾಡುವುದು ಎಷ್ಟು ಕಷ್ಟವೆಂದು ಆ ವರ್ಷ ಗೊತ್ತಾಯಿತು. ಹಾಗಂತ ನಮ್ಮಲ್ಲಿ ಏನೂ ತಯಾರಾಗುತ್ತಿರಲಿಲ್ಲ ಎಂದಲ್ಲ. ಹೈದರಾಬಾದಿನ ಎಲಿಕೋ, ಅಹಮದಾಬಾದಿನ ಸಿಸ್ಟ್ರಾನಿಕ್ಸ್ ಇಲ್ಲದಿದ್ದರೆ ನಮ್ಮ ವಿದ್ಯಾರ್ಥಿಗಳು ಪಿಎಚ್ ಮೀಟರನ್ನಾಗಲಿ ಕಲರಿಮೀಟರನ್ನಾಗಲಿ ಚಿತ್ರದಲ್ಲೇ ನೋಡಬೇಕಿತ್ತು. ಆ ಡಬ್ಬಗಳನ್ನು ನಾವೇ ಬಿಚ್ಚಿ, ಬೆಸುಗೆ ಹಾಕಿ, ಮುಚ್ಚುತ್ತಿದ್ದೆವು. ಬೆಕ್‌ಮನ್ ಮಹಾಶಯ ಮೂವತ್ತರ ದಶಕದಲ್ಲಿ ತನ್ನ ಮೊದಲ ಪಿಎಚ್ ಮೀಟರ್ ಮಾಡಿದ್ದು ಕ್ಯಾಲಿಫೋರ್ನಿಯಾದ ನಿಂಬೆ ರಸದ ಹುಳಿ ಅಳೆಯಲು. ಈ ಕಥೆ ಹೇಳಿದ ಮರುದಿನ ಹುಡುಗರು ಕ್ಯಾಂಟೀನಿನಿಂದ ನಿಂಬೆಹಣ್ಣು, ಮಜ್ಜಿಗೆ, ಸಾರು ಎಲ್ಲ ತಂದು ಅಳೆದರು. ಸಾರಿನ ಜಿಡ್ಡಿಗೆ ಒಂದು ಗಾಜಿನ ಎಲೆಕ್ಟ್ರೋಡ್ ಬಲಿಯಾಯಿತು. ನಾನು ಬೈದೆ, ಬ್ರೇಕೇಜ್ ವಸೂಲಿ ಮಾಡಲಿಲ್ಲ.

ಮೂರನೆಯ ಬೇಸಿಗೆಯಲ್ಲಿ, 1985ರ ಮೇ ತಿಂಗಳು, ಯಂತ್ರ ಮುಂಬಯಿಯ ಸಹಾರ್ ವಿಮಾನ ನಿಲ್ದಾಣಕ್ಕೆ ಬಂದಿಳಿದಿದೆ ಎಂಬ ತಂತಿ ಬಂತು. ಸುಂಕ ವಿನಾಯಿತಿಯ ಕಾಗದದಲ್ಲಿ ಮಾದರಿಯ ಸಂಖ್ಯೆ ಒಂದು, ಪೆಟ್ಟಿಗೆಯ ಮೇಲೆ ಇನ್ನೊಂದು. ನಾವು ಕಾಗದ ಸುತ್ತಿಸುತ್ತಿದ್ದ ಮೂರು ವರ್ಷದಲ್ಲಿ ಹಳೆಯ ಮಾದರಿ ನಿಂತುಹೋಗಿ, ಅದೇ ಬೆಲೆಗೆ ಹೊಸದನ್ನು ಕಳಿಸಿದ್ದರು. ನಮಗೆ ಲಾಭ. ಆದರೆ ಸುಂಕದವರ ಕಣ್ಣಿಗೆ ಅದು ಬೇರೆ ವಸ್ತು. ದಿನದಿನಕ್ಕೂ ಡೆಮರೇಜ್ ಏರುತ್ತಿತ್ತು. ನಾನೇ ಹೋದೆ. ಮಾಟುಂಗದಲ್ಲಿ ದೂರದ ಸಂಬಂಧದ ಅತ್ತೆಯ ಮನೆಯ ಬಾಲ್ಕನಿಯಲ್ಲಿ ಹನ್ನೊಂದು ರಾತ್ರಿ ಮಲಗಿದೆ. ಹಗಲು ಸುಂಕದ ಕಚೇರಿ, ಸಂಜೆ ಮೈಸೂರು ಅಸೋಸಿಯೇಷನ್ನಿನ ಕಡೆ ಹೋಗಿ ಕನ್ನಡ ಮಾತು. “ಕೆಮಿಸ್ಟ್ರಿ ಓದಿದ್ದು ಇದಕ್ಕೇನೋ?” ಎಂದು ಅತ್ತೆ ದಿನಾ ಕೇಳುತ್ತಿದ್ದರು.

ಹನ್ನೆರಡನೆಯ ದಿನ ಪೆಟ್ಟಿಗೆ ಬಿಡುಗಡೆಯಾಯಿತು. ಲಾರಿಯಲ್ಲಿ ಭತ್ತದ ಹುಲ್ಲು ಹಾಸಿಸಿ, ಅದರ ಮೇಲೆ ಇಡಿಸಿ, ನಾನು ಕ್ಯಾಬಿನ್ನಿನಲ್ಲಿ ಕೂತೆ. ಪುಣೆ, ಕೊಲ್ಹಾಪುರ, ಬೆಳಗಾವಿ. ಪೆಟ್ಟಿಗೆಯ ಮೇಲೆ ಒಡೆಯುವ ಸಾಮಾನಿನ ಗುರುತಾಗಿ ಕಾಲುದ್ದದ ಲೋಟದ ಚಿತ್ರವಿತ್ತು. ಬೆಳಗಾವಿ ದಾಟಿದ ಮೇಲೆ ಚಾಲಕ ಕೇಳಿದ: “ಸಾಹೇಬ್ರ, ಒಳಗ ಬಾಟ್ಲಿ ಅದಾವೇನ್ರಿ?” ಅಲ್ಲ, ಉಪ್ಪಿನ ಕಿಟಕಿಯಿರುವ ಒಂದು ಮಿಷನ್ನು, ನೀರು ತಾಗಿದರೆ ಕೆಟ್ಟಿತು ಎಂದೆ. ಅವನು ಪಡುವಣದ ಮೋಡ ನೋಡಿದ. “ಹಂಗಾದ್ರ ಮಳಿ ಬರೂದ್ರೊಳಗ ಮನಿ ಮುಟ್ಟಿಸ್ಬೇಕಲ್ರಿ” ಎಂದವನು ಚಹಾಕ್ಕೂ ನಿಲ್ಲಿಸದೆ ಓಡಿಸಿದ. ಮೂರು ವರ್ಷದಲ್ಲಿ ಈ ಯಂತ್ರದ ಸ್ವಭಾವವನ್ನು ಒಂದೇ ಮಾತಿಗೆ ಅರ್ಥ ಮಾಡಿಕೊಂಡವನು ಅವನೊಬ್ಬನೇ.

ಬಂದ ಯಂತ್ರಕ್ಕೆ ಮನೆ ಸಿದ್ಧವಿರಲಿಲ್ಲ. ಎಸಿ ಬೇಕು, ವೋಲ್ಟೇಜ್ ಸ್ಟೆಬಿಲೈಸರ್ ಬೇಕು, ಪ್ರತ್ಯೇಕ ಅರ್ಥಿಂಗ್ ಬೇಕು. ಅಂಗಳದಲ್ಲಿ ಆಳೆತ್ತರದ ಗುಂಡಿ ತೋಡಿಸಿ, ತಾಮ್ರದ ತಗಡಿಟ್ಟು, ಒಂದು ಪದರ ಇದ್ದಿಲು ಒಂದು ಪದರ ಉಪ್ಪು ಹಾಕಿ ಮುಚ್ಚಿದೆವು. ಬೇಸಿಗೆಯಲ್ಲಿ ನಮ್ಮ ಅಟೆಂಡರ್ ಆ ಗುಂಡಿಗೆ ತುಳಸಿಗೆ ಹಾಕುವಂತೆ ದಿನಾ ಒಂದು ಕೊಡ ನೀರು ಹಾಕುತ್ತಿದ್ದ. “ಹೊರಗಿನ ಉಪ್ಪಿಗೆ ನೀರು ಹಾಕ್ಲೇಬೇಕು, ಒಳಗಿನ ಉಪ್ಪಿಗೆ ನೀರು ತಾಗಲೇಬಾರದು. ಏನು ಶಾಸ್ತ್ರ ಸಾರ್ ನಿಮ್ದು!” ಎಂದು ಅವನ ಗೊಣಗಾಟ.

ಆದರೆ ಯಂತ್ರವನ್ನು ನಿಜವಾಗಿ ಸಾಕಿದವನು ಅವನೇ. ಮಳೆಗಾಲದಲ್ಲಿ ಕರೆಂಟು ಹೋಗಿ ಎಸಿ ನಿಂತರೆ ಒಂದೇ ರಾತ್ರಿಯಲ್ಲಿ ಬಿಲ್ಲೆಗಳು ಮಸುಕಾಗುತ್ತಿದ್ದವು. ಬಳಸದ ಬಿಲ್ಲೆಗಳಿಗಾಗಿ ಅವನು ಒಂದು ಹಳೆಯ ಮರದ ಕಪಾಟಿಗೆ ಅರವತ್ತು ಕ್ಯಾಂಡಲಿನ ಬಲ್ಬ್ ಇಳಿಬಿಟ್ಟು ಹಗಲೂ ರಾತ್ರಿ ಉರಿಸುತ್ತಿದ್ದ. ಅದೇ ನಮ್ಮ ನಂದಾದೀಪ. ನೀಲಿಯಿಂದ ನಸುಗೆಂಪಿಗೆ ತಿರುಗಿದ ಸಿಲಿಕಾ ಜೆಲ್ಲನ್ನು ಬಾಣಲೆಯಲ್ಲಿ ರವೆ ಹುರಿದಂತೆ ಹುರಿದು ಮತ್ತೆ ನೀಲಿ ಮಾಡುತ್ತಿದ್ದ. ಮಸುಕಾದ ಬಿಲ್ಲೆಯನ್ನು ಸ್ಪಿರಿಟ್ ಹಾಕಿದ ಬಟ್ಟೆಯ ಮೇಲೆ, ಗಂಧ ತೇಯುವ ಹಾಗೆ ಹಗುರ ಕೈಯಲ್ಲಿ ಸುತ್ತಿ ಸುತ್ತಿ ಹೊಳಪು ತರುತ್ತಿದ್ದ. ಪಿಎಚ್‌ಡಿ ಹುಡುಗರು ಉಜ್ಜಿದರೆ ಅಂಚು ಸವೆದು ಪೀನ ಮಸೂರವಾಗುತ್ತಿತ್ತು. ಆಯುಧಪೂಜೆಯ ದಿನ ಮಾತ್ರ ನನಗೂ ಅವನಿಗೂ ಜಟಾಪಟಿ. ಕುಂಕುಮದ ಪುಡಿ ಒಳಗೆ ಹೋದರೆ ಕನ್ನಡಿಗಳ ಗತಿಯೇನು? ಕೊನೆಗೆ ಹೊರಗಿನ ಸ್ಟೆಬಿಲೈಸರಿಗೆ ಪೂಜೆ, ಒಳಗಿನದಕ್ಕೆ ದೂರದಿಂದ ನಮಸ್ಕಾರ ಎಂದು ರಾಜಿಯಾಯಿತು.

ಮತ್ತು ನಾನು ಬೀಗ ಹಾಕಿದೆ.

ಮೊದಲು ಕಾರಣವಿತ್ತು. ಮೂರು ವರ್ಷದ ಕಾಗದ, ಹನ್ನೊಂದು ರಾತ್ರಿಯ ಬಾಲ್ಕನಿ. ಇಷ್ಟು ಕಷ್ಟಪಟ್ಟು ತಂದದ್ದನ್ನು ಇಪ್ಪತ್ತೆರಡು ವರ್ಷದ ಹುಡುಗನ ಒದ್ದೆ ಕೈಗೆ ಹೇಗೆ ಕೊಡುವುದು? ಕೆಟ್ಟರೆ ಮತ್ತೆ ಅಷ್ಟೇ ಕಾಗದ. ಆಮೇಲೆ ಕಾರಣ ಮರೆತುಹೋಗಿ ಬೀಗವೊಂದೇ ಉಳಿಯಿತು. ಬೀಗದ ಕೈ ನನ್ನ ಜನಿವಾರದಲ್ಲಿದೆ ಎಂದು ಹುಡುಗರು ಹಬ್ಬಿಸಿದ್ದರಂತೆ. ನಾನು ಜನಿವಾರ ಹಾಕುವವನೇ ಅಲ್ಲ. ನನಗೆ ಅವರಿಟ್ಟಿದ್ದ ಹೆಸರು ‘ಐಆರ್ ಪೂಜಾರಿ’. ಸಂಶೋಧನೆಯವರು ಹೆಸರು ಬರೆಸಿ ಸರದಿ ಕಾಯಬೇಕು, ಎಂ.ಎಸ್ಸಿ.ಯವರಿಗೆ ವರ್ಷಕ್ಕೊಮ್ಮೆ ದರ್ಶನ, ಚಪ್ಪಲಿ ಹೊರಗೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಅವರ ಕೈಗೆ ಕೊಡುತ್ತಿದ್ದುದು ಅಚ್ಚಾದ ರೋಹಿತದ ಹಾಳೆ. ಶಿಖರಗಳನ್ನು ಗುರುತಿಸಿ ಬರೆದರೆ ಅಂಕ. ಅದೇ ಹೊತ್ತಿಗೆ ಅವರ ಪ್ರಯೋಗಶಾಲೆಗೆ ಅತಿ ಕಡಿಮೆ ದರದವರಿಂದಲೇ ಕೊಳ್ಳಬೇಕೆಂಬ ನಿಯಮದಲ್ಲಿ ಬಂದ ನಲವತ್ತು ಬ್ಯೂರೆಟ್‌ಗಳು ತೊಟ್ಟಿಕ್ಕುತ್ತಿದ್ದವು. ಅದರ ಬಗ್ಗೆ ನಾನೊಂದು ಟಿಪ್ಪಣಿ ಬರೆದದ್ದುಂಟು. ಆದರೆ ಯಾರ ಬಾಲ್ಕನಿಯಲ್ಲೂ ಮಲಗಲಿಲ್ಲ.

ಎನ್‌ಎಂಆರ್ ನಮ್ಮ ಕನಸಿಗೂ ಮೀರಿದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಪ್ಪತ್ತರ ದಶಕದ ಕೊನೆಯಿಂದ 270 ಮೆಗಾಹರ್ಟ್ಸ್‌ನ ಯಂತ್ರವಿತ್ತು, ದ್ರವ ಹೀಲಿಯಂನಲ್ಲಿ ತಂಪಾಗಿರುವ ಅತಿವಾಹಕ ಕಾಂತದ್ದು. ಹೊರಗಿನವರ ಸ್ಯಾಂಪಲ್ಲುಗಳನ್ನೂ ಅಳೆದುಕೊಡುತ್ತಿದ್ದರು. ವಿಭಾಗದ ಎಲ್ಲರ ಪುಟ್ಟ ಸೀಸೆಗಳನ್ನು ಹತ್ತಿಯಲ್ಲಿ ಸುತ್ತಿ ಒಂದು ಬಿಸ್ಕತ್ತಿನ ಡಬ್ಬಿಗೆ ತುಂಬಿ, ಒಬ್ಬ ಹುಡುಗನನ್ನು ರಾತ್ರಿ ಬಸ್ಸು ಹತ್ತಿಸುತ್ತಿದ್ದೆವು. ಡಬ್ಬಿ ಮಡಿಲಲ್ಲಿ, ನಿದ್ದೆ ಮಾಡುವಂತಿಲ್ಲ. ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಮುಖ ತೊಳೆದು ಯಶವಂತಪುರದ ಬಸ್ಸು. ಹೀಗೆ ಹೋಗಿ ಬಂದವರೇ ನಮ್ಮಲ್ಲಿ ಎನ್‌ಎಂಆರ್ ಚೆನ್ನಾಗಿ ಕಲಿತರು. ಅಲ್ಲಿನವರು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸುತ್ತಿದ್ದರು. ಈ ವ್ಯತ್ಯಾಸ ಕಣ್ಣಿಗೆ ಕಂಡರೂ ನನ್ನ ಬೀಗಕ್ಕೂ ಇದಕ್ಕೂ ಸಂಬಂಧ ಹೊಳೆಯಲಿಲ್ಲ.

1991ರ ಪೆಟ್ಟು ಬೇರೆ. ಗೋಧಿ ಯಂತ್ರ ಸತ್ತು ವರ್ಷಗಳಾಗಿದ್ದವು. ಹೊಸ ಯುವಿ ಸ್ಪೆಕ್ಟ್ರೋಫೋಟೋಮೀಟರಿಗೆ ಎಂಟು ಲಕ್ಷ ಮಂಜೂರಾಗಿತ್ತು. ಕೊಟೇಶನ್ 38,000 ಡಾಲರ್. ಡಾಲರಿಗೆ ₹21ರಂತೆ ಲೆಕ್ಕ ಹಾಕಿದರೆ ಎರಡು ಸಾವಿರ ರೂಪಾಯಿ ಮಿಗುತ್ತಿತ್ತು. ಎಷ್ಟು ಚಂದ ಹೊಂದಿತೆಂದು ನನಗೇ ಹೆಮ್ಮೆ. ದೇಶದ ಬೊಕ್ಕಸದಲ್ಲಿ ಆಗ ಎರಡು ಮೂರು ವಾರದ ಆಮದಿಗಾಗುವಷ್ಟು ಡಾಲರ್ ಮಾತ್ರ ಉಳಿದಿತ್ತು. ಜುಲೈ 1ರಂದು ಒಮ್ಮೆ, 3ರಂದು ಇನ್ನೊಮ್ಮೆ ರೂಪಾಯಿಯ ಬೆಲೆ ಇಳಿಸಿದರು. ಡಾಲರ್ ₹26ರ ಹತ್ತಿರಕ್ಕೆ ಹೋಯಿತು. ಅದೇ ತಿಂಗಳು ರಿಸರ್ವ್ ಬ್ಯಾಂಕಿನ 47 ಟನ್ ಚಿನ್ನ ಅಡವಿಗೆಂದು ಇಂಗ್ಲೆಂಡಿಗೆ ಹಾರಿತು. ಪತ್ರಿಕೆ ಓದಿದವರೆಲ್ಲ ಚಿನ್ನದ ಬಗ್ಗೆ ಮರುಗುತ್ತಿದ್ದರೆ ನಾನು ಕಾಗದದ ಮೇಲೆ ಗುಣಿಸುತ್ತಿದ್ದೆ: ಒಂಬತ್ತು ಲಕ್ಷ ಎಂಬತ್ತೆಂಟು ಸಾವಿರ. ನಿವೃತ್ತರಾಗಿದ್ದ ಗುರುಗಳ ಮನೆಗೆ ಹೋದೆ. ಅವರು ನಕ್ಕರು. 1966ರ ಜೂನ್ 6ರಂದು ಡಾಲರ್ ಒಂದೇ ದಿನದಲ್ಲಿ ₹4.76ರಿಂದ ₹7.50 ಆದಾಗ ಅವರದ್ದೂ ಒಂದು ಆರ್ಡರ್ ನಡುನೀರಿನಲ್ಲಿತ್ತಂತೆ. “ನಾನು ಪೂರ್ತಿ ಕೈಬಿಟ್ಟೆ. ನೀನು ಬಾಲ ಬಾಲ ಕತ್ತರಿಸಿ ನೋಡು” ಎಂದರು.

ಬಾಲ ಕತ್ತರಿಸಿದೆ. ಉಷ್ಣತೆ ಕಾಯುವ ಕೋಶ ಹೋಯಿತು, ಪ್ಲಾಟರ್ ಹೋಯಿತು, ಒಂದು ಜೊತೆ ಬಿಟ್ಟು ಮಿಕ್ಕ ಕ್ವಾರ್ಟ್ಸ್ ಕೋಶಗಳು ಹೋದವು. ಆದರೂ ಸಾಲದು. ಪಟ್ಟಿಯ ಕೊನೆಯಲ್ಲಿ ‘ಹೆಚ್ಚುವರಿ ಡ್ಯುಟೀರಿಯಂ ದೀಪ: ಎರಡು’ ಎಂದಿತ್ತು. ಯಂತ್ರದೊಳಗೆ ಒಂದು ಇದ್ದೇ ಇದೆಯಲ್ಲ ಎಂದು ಅದಕ್ಕೂ ಗೆರೆ ಹೊಡೆದೆ.

ಡ್ಯುಟೀರಿಯಂ ದೀಪದ ಆಯುಷ್ಯ ಸುಮಾರು ಸಾವಿರ ಗಂಟೆ. ಅದು ನನಗೆ ಗೊತ್ತಿತ್ತು, ಪಾಠವನ್ನೂ ಮಾಡುತ್ತಿದ್ದೆ. ಎರಡೂವರೆ ವರ್ಷಕ್ಕೆ ದೀಪ ಮಿಣಕ್ ಮಿಣಕ್ ಎಂದು ಆರಿತು. ಯಂತ್ರ ಕೊಳ್ಳಲು ಯೋಜನೆಯಲ್ಲಿ ದುಡ್ಡಿರುತ್ತದೆ, ದೀಪಕ್ಕೆ ಇರುವುದಿಲ್ಲ. ದೀಪ ಎಂದರೆ ‘ದುರಸ್ತಿ ಮತ್ತು ನಿರ್ವಹಣೆ’, ಆ ಬಾಬಿನಲ್ಲಿ ಇಡೀ ವಿಭಾಗಕ್ಕೆ ಬರುತ್ತಿದ್ದುದು ಫ್ಯಾನಿನ ರಿಪೇರಿಗೂ ಸಾಲದಷ್ಟು. ಕಚೇರಿಯಿಂದ ಒಂದು ಪ್ರಶ್ನೆಯೂ ಬಂತು: ಹಳೆಯ ಬಲ್ಬ್ ಮರಳಿಸಿದ ಮೇಲೆ ಹೊಸ ಬಲ್ಬ್ ಕೊಡುವುದು ನಿಯಮ, ಇಂಡೆಂಟಿನ ಜೊತೆ ಹಳೆಯದನ್ನು ಲಗತ್ತಿಸಿಲ್ಲವೇಕೆ? ಎಂಟು ಲಕ್ಷದ ಯಂತ್ರ ಹದಿನಾಲ್ಕು ತಿಂಗಳು ಕವರು ಹೊದ್ದು ಮಲಗಿತು. ಮೂವರ ಪಿಎಚ್‌ಡಿ ಅಷ್ಟು ದಿನ ಹಿಂದೆ ಬಿತ್ತು. ಅವರಲ್ಲಿ ಒಬ್ಬ ಬಿಟ್ಟೇ ಹೋದ. ತನ್ನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟನೆಂದು ಕೇಳಿದೆ. ಆ ಗೆರೆ ಹೊಡೆದ ಪೆನ್ನು ನನ್ನದು, ಬೇರೆ ಯಾರ ಮೇಲೆ ಹಾಕಲಿ.

ಆ ಹದಿನಾಲ್ಕು ತಿಂಗಳಲ್ಲೇ ಒಬ್ಬಳು ಎಂ.ಎಸ್ಸಿ. ಹುಡುಗಿ ಬಾಗಿಲಲ್ಲಿ ನಿಂತು ಕೇಳಿದ್ದಳು: “ಸರ್, ಹೇಗೂ ಕೆಟ್ಟಿದೆಯಲ್ಲ, ಒಳಗೆ ಏನೇನಿದೆ ಅಂತ ಬಿಚ್ಚಿ ನೋಡಬಹುದಾ?” ಎಂಥ ಒಳ್ಳೆಯ ಪ್ರಶ್ನೆ! ವಾರಂಟಿ ಮುಗಿದಿತ್ತು, ದೀಪ ಸತ್ತಿತ್ತು, ಕಳೆದುಕೊಳ್ಳಲು ಏನೂ ಇರಲಿಲ್ಲ. ಆದರೂ ಬೇಡ ಎಂದೆ. ಏಕೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ನನ್ನ ಬಳಿ ಉತ್ತರವಿರಲಿಲ್ಲ. ಕೆಲವು ವರ್ಷಗಳ ನಂತರ ಹೊರದೇಶದಿಂದ ಒಂದು ಹೊಸ ವರ್ಷದ ಕಾರ್ಡ್ ಕಳಿಸಿದಳು. ಅಲ್ಲಿನ ಪ್ರಯೋಗಾಲಯಕ್ಕೆ ಸೇರಿದ ಮೊದಲ ದಿನವೇ ಕೈಗೆ ಬೀಗದ ಕೈ ಕೊಟ್ಟರಂತೆ, ಹೇಗೆ ಆನ್ ಮಾಡುವುದೆಂದು ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತಂತೆ. ಆಕ್ಷೇಪಣೆಯ ಧಾಟಿ ಏನೂ ಇರಲಿಲ್ಲ, ಕೆಳಗೆ ‘ನಮಸ್ಕಾರಗಳೊಂದಿಗೆ’ ಎಂದೇ ಇತ್ತು. ಆ ಕಾರ್ಡನ್ನು ನಾನು ಹೆಂಡತಿಗೂ ತೋರಿಸಲಿಲ್ಲ.

ಮುಂದಿನ ಬೇಸಿಗೆಗೆ ಐಆರ್ ಕೋಣೆಯ ಬೀಗ ತೆಗೆಸಿದೆ. ಪಶ್ಚಾತ್ತಾಪ ಎಂದು ಹೇಳಿಕೊಂಡರೆ ಕೇಳಲು ಚೆನ್ನಾಗಿರುತ್ತದೆ. ಅಷ್ಟೊತ್ತಿಗೆ ಯಂತ್ರಕ್ಕೆ ಹತ್ತು ವರ್ಷ ದಾಟಿ, ಅದರ ಪೆನ್ನು ತಡವರಿಸುತ್ತಿತ್ತು ಎಂಬುದೂ ನಿಜ. ಎಂ.ಎಸ್ಸಿ.ಯವರು ಪೊಟ್ಯಾಸಿಯಂ ಬ್ರೋಮೈಡ್ ಅರೆದು, ಹತ್ತು ಟನ್ ಒತ್ತಡದಲ್ಲಿ ಬಿಲ್ಲೆ ಒತ್ತಿ, ಅದು ಮಳೆಗಾಲದ ತೇವಕ್ಕೆ ಹಾಲಿನಂತೆ ಬೆಳ್ಳಗಾಗುವುದನ್ನು ಕಂಡು ತಾವೇ ಒಲೆಯಲ್ಲಿ ಒಣಗಿಸುವುದನ್ನು ಕಲಿತರು. ಎರಡು ಬಿಲ್ಲೆ ಒಡೆದರು. ಒಬ್ಬ ನೀರಿರುವ ಸ್ಯಾಂಪಲನ್ನು ಉಪ್ಪಿನ ಬಿಲ್ಲೆಯ ಮೇಲೆ ಹನಿಸಿ ನಡುವೆ ಗುಳಿ ಬೀಳಿಸಿದ. ಅಟೆಂಡರ್ ತಲೆ ತಲೆ ಚಚ್ಚಿಕೊಂಡ, ಆದರೆ ಆ ಹುಡುಗನಿಗೆ ಗಂಧ ತೇಯುವುದನ್ನು ಕಲಿಸಿದವನೂ ಅವನೇ.

ಹೋದ ವರ್ಷ ವಿಭಾಗದವರು ಯಾವುದೋ ಕಾರ್ಯಕ್ರಮಕ್ಕೆ ಕರೆದಿದ್ದರು. ಸಭೆ ಮುಗಿದ ಮೇಲೆ ಹಳೆಯ ಐಆರ್ ಕೋಣೆಯ ಕಡೆ ಕಾಲು ತಾನಾಗಿ ಎಳೆಯಿತು. ಬಾಗಿಲು ತೆರೆದೇ ಇತ್ತು. ಈಗಿನದು ಎಫ್‌ಟಿಐಆರ್. ಪುಟ್ಟ ಡಬ್ಬ, ನಡುವೆ ಸಾಸಿವೆ ಕಾಳಿನಷ್ಟು ವಜ್ರದ ಹರಳು. ವಸ್ತುವನ್ನು ಅದರ ಮೇಲೆ ಇಟ್ಟು ಒತ್ತಿದರೆ ಸಾಕು. ಉಪ್ಪು ಬೇಡ, ಬಿಲ್ಲೆ ಬೇಡ, ಬಲ್ಬ್ ಬೇಡ. ಒಬ್ಬಳು ಹುಡುಗಿ ಒಂದು ಕೈಯಲ್ಲಿ ಮೊಬೈಲ್ ಹಿಡಿದುಕೊಂಡೇ ಸ್ಯಾಂಪಲ್ ಇಟ್ಟು, ಗೆರೆ ಪರದೆಯ ಮೇಲೆ ಮೂಡುವಷ್ಟರಲ್ಲಿ ಹಿಂದೆ ತಿರುಗಿ ನೋಡಿದಳು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

“ಬನ್ನಿ ಸರ್, ಒಳಗೆ ಬನ್ನಿ” ಎಂದಳು. ಆಮೇಲೆ ನನ್ನ ಪಾದ ನೋಡಿ, “ಅಯ್ಯೋ, ಚಪ್ಪಲಿ ಯಾಕೆ ಬಿಟ್ರಿ?”